ಮೇಷ್ಟ್ರ ಜೇಬಿನ ಅರ್ಜಿ
ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ ಇದ್ದಾಗ ಮೇಷ್ಟ್ರು ತುಂಬಾ ನೆನಪಾದರು. ಅವರು ಹೋಗಿ ಎರಡು ವರ್ಷ ಆಯ್ತು. ಮಂಡ್ಯದಲ್ಲಿ ನನ್ನ ಡಿಗ್ರಿ ಮುಗಿದಾಗ ಅಪ್ಪ ‘ಓದಿದ್ದು ಸಾಕು, ಕಬ್ಬು ಕಟಾವಿಗೆ ಬಂದಿದೆ’ ಅಂದಿದ್ದರು. ವಿಷಯ ಕಿವಿಗೆ ಬಿದ್ದ ಸಂಜೆಯೇ ಮೇಷ್ಟ್ರು ಸೈಕಲ್ ತುಳ್ಕೊಂಡು ಮನೆಗೆ ಬಂದು, ಜಗಲಿ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಆರಿಹೋದರೂ ಮುಟ್ಟದೆ, ‘ಗೌಡ್ರೇ, ಹುಡುಗನ್ನ ಮೈಸೂರು ಯೂನಿವರ್ಸಿಟಿಗೆ, ಗಂಗೋತ್ರಿಗೆ ಕಳಿಸಿ, ಎರಡೇ ವರ್ಷ’ ಅಂತ ಒಪ್ಪಿಸಿದರು. ಎಂಎ ಅರ್ಜಿ ಅವರ ಜೇಬಲ್ಲೇ ಇತ್ತು. ನಾಲ್ಕಾಗಿ ಮಡಚಿದ್ದು, ಅಂಚಿಗೆಲ್ಲ ಸೀಮೆಸುಣ್ಣದ ಪುಡಿ. ಇಲ್ಲಿಂದ ಮಂಡ್ಯ ಸುಮಾರು 45 ಕಿಲೋಮೀಟರ್ ಅಷ್ಟೇ, ಅಲ್ವಾ? ಆದರೂ ಪಿಎಚ್‌ಡಿ ಪ್ರಬಂಧ ಕೈಗೆ ಬಂದಾಗ ಹೋಗಿ ತೋರಿಸೋಕೆ ತಡ ಮಾಡಿದೆ. ಮೊದಲ ಪುಟದಲ್ಲಿ ಅವರ ಹೆಸರಿದೆ. ಅವರು ಅದನ್ನ ನೋಡಲೇ ಇಲ್ಲ.