ಕುಮಾಮೊತೊದಲ್ಲಿ ಮುಸಾಶಿಯ ಎರಡು ಕತ್ತಿ

ಕುಮಾಮೊತೊಗೆ ಬಂದವರು ಮೊದಲು ಕೋಟೆ ನೋಡಲು ಹೋಗುತ್ತಾರೆ. 2016ರ ಭೂಕಂಪದಲ್ಲಿ ಕುಸಿದ ಗೋಡೆಗಳ ದುರಸ್ತಿ ಅಲ್ಲಿ ಇನ್ನೂ ನಡೆದಿದೆ. ನಾನೂ ನೋಡಿದೆ. ಆದರೆ ಜಪಾನಿನ ದಕ್ಷಿಣದ ಈ ಊರಿಗೆ ನಾನು ಬಂದದ್ದು ಮಿಯಾಮೊತೊ ಮುಸಾಶಿಗಾಗಿ. ಎರಡು ಕೈಯಲ್ಲಿ ಎರಡು ಕತ್ತಿ ಹಿಡಿಯುವ ನಿತೆನ್ ಇಚಿ ರ್ಯೂ ವಿದ್ಯೆ ಕಟ್ಟಿದವನು ಅವನು. 1640ರಲ್ಲಿ ಇಲ್ಲಿನ ದೊರೆ ಹೊಸೊಕಾವಾ ತದತೊಶಿಯ ಅತಿಥಿಯಾಗಿ ಬಂದ. 1645ರಲ್ಲಿ ಇಲ್ಲೇ ತೀರಿಕೊಂಡ.

ಶಿಮಾದಾ ಮ್ಯೂಸಿಯಂನಲ್ಲಿ ಅವನ ಹೆಸರಾಂತ ಚಿತ್ರವಿದೆ. ಒಂದು ಕೈಯಲ್ಲಿ ಉದ್ದ ಕತ್ತಿ, ಇನ್ನೊಂದರಲ್ಲಿ ಗಿಡ್ಡದು. ಆದರೆ ಎರಡನ್ನೂ ಎತ್ತಿ ಹಿಡಿದಿಲ್ಲ, ಸುಮ್ನೆ ಕೆಳಗೆ ಬಿಟ್ಟಿದ್ದಾನೆ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತೆ.

ಸಮುರಾಯಿಗಳ ಸೊಂಟದಲ್ಲಿ ಹೇಗೂ ಎರಡು ಕತ್ತಿ ಇರುತ್ತಿದ್ದವು. ಕಾದುವಾಗ ಮಾತ್ರ ಸಾಮಾನ್ಯವಾಗಿ ಉದ್ದದ್ದೊಂದನ್ನೇ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಮುಸಾಶಿ ಇದನ್ನು ಒಪ್ಪಲಿಲ್ಲ. ಕುದುರೆ ಮೇಲಿದ್ದಾಗ, ಕೆಸರುಗದ್ದೆಯಲ್ಲಿ ಓಡುವಾಗ, ಜನರ ನೂಕುನುಗ್ಗಲಲ್ಲಿ ಎರಡು ಕೈ ಒಂದೇ ಕತ್ತಿಗೆ ಸಿಕ್ಕಿಕೊಂಡರೆ ಕಷ್ಟ, ಅಲ್ವಾ? ಉದ್ದ ಕತ್ತಿ ಒಂದೇ ಕೈಗೆ ಪಳಗಬೇಕು. ಅದಕ್ಕೇ ಎರಡು ಹಿಡಿದು ಕಲಿಯಿರಿ ಎಂದ. ಮೊದಮೊದಲು ಎಲ್ಲರಿಗೂ ಭಾರವೇ, ಆಮೇಲೆ ಕೈ ಕೂಡಿಬರುತ್ತದೆ ಎಂದೂ ಧೈರ್ಯ ಹೇಳಿದ. ಸೊಂಟದಲ್ಲಿ ಬಳಸದ ಕತ್ತಿ ಉಳಿಸಿಕೊಂಡು ಸಾಯುವುದು ಅವನಿಗೆ ಸರಿಕಾಣಲಿಲ್ಲ.

ಬೇರೆ ನಾಡುಗಳಲ್ಲಿ ಎಡಗೈಗೆ ಬೇರೆ ಕೆಲಸ. 16ನೇ ಶತಮಾನದ ಇಟಲಿಯಲ್ಲಿ ಬಲಗೈಯಲ್ಲಿ ರೇಪಿಯರ್ ಎಂಬ ನೀಳ ಕತ್ತಿ, ಎಡಗೈಯಲ್ಲಿ ಏಟು ತಡೆಯಲು ಬಾಕು. ಚೀನಾದ ಜೋಡಿ ಕತ್ತಿಗಳು ಸರಿಸಮ ಉದ್ದದವು, ಎಷ್ಟೋ ಸಲ ಒಂದೇ ಒರೆಯಲ್ಲಿ ಇರುತ್ತವೆ. ಫಿಲಿಪೀನ್ಸಿನ ಸಿನವಾಲಿ ಅಭ್ಯಾಸದಲ್ಲಿ ಎರಡು ಕೋಲು ಚಾಪೆ ಹೆಣೆದಂತೆ ಹಾದುಹೋಗುತ್ತವೆ. ಅಲ್ಲೆಲ್ಲ ಜೋಡಿಯೇ ಮುಖ್ಯ. ಮುಸಾಶಿಗೆ ಜೋಡಿ ಒಂದು ಸಾಧನ, ಒಂದು ಕೈಯನ್ನು ಬಿಡುಗಡೆ ಮಾಡುವ ದಾರಿ. ಗನ್ರ್ಯೂ ದ್ವೀಪದ ದ್ವಂದ್ವದಲ್ಲಿ ಸಸಾಕಿ ಕೊಜಿರೊನನ್ನು ಅವನು ಸೋಲಿಸಿದ್ದು ಒಂದೇ ಮರದ ಕತ್ತಿಯಿಂದ ಎನ್ನುತ್ತದೆ ಕಥೆ. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ.

ಮರುದಿನ ರೇಗನ್‌ದೋ ಗುಹೆಗೆ ಹೊರಟೆ. ಊರ ಪಶ್ಚಿಮದ ಕಿನ್‌ಬೋ ಬೆಟ್ಟದ ಕಡೆ ಕಿತ್ತಳೆ ತೋಟಗಳು ಜಾಸ್ತಿ. ಉಂಗನ್‌ಜೆನ್‌ಜಿ ದೇವಸ್ಥಾನ ದಾಟಿದರೆ ಕಾಲುದಾರಿಯ ಪಕ್ಕದ ಬಂಡೆಯ ಮೇಲೆ ನೂರಾರು ಬೌದ್ಧ ಅರ್ಹಂತರ ಕಲ್ಲಿನ ಮೂರ್ತಿಗಳು. ಕೆಲವಕ್ಕೆ ತಲೆಯೇ ಇಲ್ಲ. ಇದ್ದವುಗಳಲ್ಲಿ ಒಂದರ ಮುಖ ಇನ್ನೊಂದಕ್ಕಿಲ್ಲ. ಅಲ್ಲಿಂದ ಮುಂದೆ ಮೆಟ್ಟಿಲು ಹತ್ತಿದರೆ ಗುಹೆ. 1643ರಲ್ಲಿ ಮುಸಾಶಿ ಇಲ್ಲಿಗೆ ಬಂದು 'ಗೊರಿನ್ ನೊ ಶೊ' ಎಂಬ ಕತ್ತಿವಿದ್ಯೆಯ ಪುಸ್ತಕ ಬರೆಯಲು ತೊಡಗಿದ. ಸಾವಿಗೆ ಸ್ವಲ್ಪ ಮೊದಲು ಮುಗಿಸಿದ.

ಇಂದಿನ ಕೆಂದೊದಲ್ಲಿ, ಅಂದರೆ ಜಪಾನಿನ ಬಿದಿರು ಕತ್ತಿ ಆಟದಲ್ಲಿ, ಎರಡು ಕತ್ತಿ ಹಿಡಿಯಲು ಅವಕಾಶವಿದೆ. ಗಂಡಸರಿಗೆ ಉದ್ದದ್ದು 114 ಸೆಂ.ಮೀ., ಗಿಡ್ಡದ್ದು 62 ಸೆಂ.ಮೀ. ಮೀರಬಾರದು. ಹಾಗೆ ಆಡುವವರು ಮಾತ್ರ ಕಡಿಮೆ.

ನೀವು ಹೋಗುವುದಾದರೆ ಮ್ಯೂಸಿಯಂ ಮೊದಲು ನೋಡಿ, ಗುಹೆ ಆಮೇಲೆ. ಬೆಟ್ಟದ ಕಡೆ ಬಸ್ಸು ಕಡಿಮೆ. ವಾಪಸ್ ಬರುವ ವೇಳೆಯನ್ನು ಇಳಿದ ತಕ್ಷಣ ಬರೆದುಕೊಳ್ಳಿ.