ಕೈ ಚಾಚುವ ಮೊದಲು

ಶುಕ್ರವಾರ, ಜೂನ್ 13, 2025

ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಕಲಿಯುತ್ತಿರುವ ನನಗೆ ಈ ವಾರ ಕೊಟ್ಟ ಕೆಲಸ ಕೇಳಲು ತುಂಬಾ ಸುಲಭ. ದಿನಾ ಒಂದು ಮಗುವನ್ನು ಆರಿಸಿಕೊಳ್ಳಬೇಕು. ಹತ್ತು ನಿಮಿಷ ಸುಮ್ನೆ ನೋಡಬೇಕು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಅಷ್ಟು ಹೊತ್ತು ಉಳಿದ ಮಕ್ಕಳ ಹೊಣೆ ಇನ್ನೊಬ್ಬ ಟೀಚರ್ ಹೊತ್ತಿರುತ್ತಾರೆ. ಹಾಗಾಗಿ ನಾನು ಯಾರ ಮೂಗು ಒರೆಸಲೂ ಏಳಬೇಕಾಗಿಲ್ಲ.

ಮಾಡಲು ಕೂತಾಗ ಗೊತ್ತಾಗುತ್ತದೆ ಇದೆಷ್ಟು ಕಷ್ಟ ಅಂತ. ನಾಲ್ಕು ವರ್ಷದ ಮಗು ಹತ್ತು ನಿಮಿಷದಲ್ಲಿ ಮಾಡುವ ಕೆಲಸಗಳನ್ನೆಲ್ಲ ಬರೆಯಲು ಕೈ ಓಡುವುದೇ ಇಲ್ಲ. ಅದಕ್ಕಿಂತ ಕಷ್ಟ ಸುಮ್ಮನೆ ಕೂರುವುದು. ಡಬ್ಬಿಯ ಮುಚ್ಚಳ ತೆಗೆಯಲು ಒದ್ದಾಡುತ್ತಿರುವ ಪುಟ್ಟ ಬೆರಳುಗಳನ್ನು ಕಂಡರೆ ಯಾರ ಕೈಯಾದರೂ ತಾನಾಗಿಯೇ ಮುಂದೆ ಹೋಗುತ್ತದೆ ಅಲ್ವಾ? ಕೆಲಸ ಮಾಡುತ್ತಲೇ ಕಲಿಯುವ ಈ ತರಬೇತಿಯಲ್ಲಿ ಮುಖ್ಯವಾದ ಪಾಠ ಅದೇ ಅಂತ ನನಗೆ ಅನಿಸುತ್ತಿದೆ. ಮೊದಲು ನೋಡಬೇಕು. ಕೈ ಚಾಚುವುದು ಆಮೇಲೆ.

ಬರೆಯುವ ರೀತಿಗೂ ಒಂದು ಶಿಸ್ತಿದೆ. ಹಿರಿಯ ಟೀಚರ್ ಒಂದು ಹಾಳೆಯಲ್ಲಿ ಎರಡು ಟಿಪ್ಪಣಿ ಬರೆದು ತೋರಿಸಿದರು. ಮೊದಲನೆಯದು ಹೀಗಿತ್ತು: "ಸಿಟ್ಟು ಬಂದು ಆಟ ಕೆಡಿಸಿದ." ಎರಡನೆಯದು: "ಕಾರ್ಪೆಟ್ ಮೇಲೆ ಕೂತು ಬ್ಲಾಕ್ ಜೋಡಿಸುತ್ತಿದ್ದ. ಮೂರನೆಯದು ವಾಲಿ ಬಿತ್ತು. ಹುಬ್ಬು ಗಂಟಿಕ್ಕಿದ. ಎರಡೂ ಕೈಯಿಂದ ಉಳಿದದ್ದನ್ನು ತಳ್ಳಿದ. ಪಕ್ಕದ ಹುಡುಗನ ಗೋಪುರ ನೋಡಿದ. ಮತ್ತೆ ಮೊದಲ ಬ್ಲಾಕ್ ಎತ್ತಿಕೊಂಡ." ಎರಡೂ ಒಂದೇ ಮಗುವಿನ ಒಂದೇ ನಿಮಿಷದ ಕಥೆ. ಮೊದಲನೆಯದನ್ನು ಓದಿದರೆ ತಂಟೆಕೋರ ಹುಡುಗ ಕಾಣುತ್ತಾನೆ. ಎರಡನೆಯದರಲ್ಲಿ, ಬಿದ್ದ ಮೇಲೂ ಮತ್ತೆ ಕಟ್ಟಲು ಹೊರಟವನು ಕಾಣುತ್ತಾನೆ. ಮಾರನೇ ದಿನ ಏನು ಮಾಡಬೇಕು ಅನ್ನುವುದೂ ಎರಡನೆಯದರಲ್ಲೇ ಇದೆ. ಮೆತ್ತನೆಯ ಕಾರ್ಪೆಟ್ ಮೇಲೆ ಬ್ಲಾಕ್ ನೆಟ್ಟಗೆ ನಿಲ್ಲುವುದಿಲ್ಲ. ಅವನ ಮುಂದೆ ಒಂದು ಮರದ ಹಲಗೆ ಇಟ್ಟರೆ ಸಾಕು. ಬುದ್ಧಿ ಹೇಳುವ ಅಗತ್ಯವೇ ಇಲ್ಲ.

ಇಂಥ ನೋಟಕ್ಕೆ ಹಳೆಯ ಇತಿಹಾಸವಿದೆ. ಸಂಜೆಯ ಥಿಯರಿ ಕ್ಲಾಸಿನಲ್ಲಿ ಅದನ್ನೇ ಓದುತ್ತಿದ್ದೇವೆ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ತೆರೆದರು. ಅಲ್ಲಿ ಸುಮಾರು ಮೂರು ವರ್ಷದ ಒಂದು ಹುಡುಗಿ ಮರದ ಸಿಲಿಂಡರ್‌ಗಳನ್ನು ಅವುಗಳ ಗುಳಿಯಲ್ಲಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು. ಮಾಂಟೆಸ್ಸರಿ ಉಳಿದ ಮಕ್ಕಳಿಗೆ ಹಾಡಲು ಹೇಳಿದರು. ಹುಡುಗಿ ಕೂತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಅವಳು ಸಿಲಿಂಡರ್‌ಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿದ ಮೇಲೆ ತಾನಾಗಿಯೇ ನಿಲ್ಲಿಸಿದಳು. ನನಗೆ ಈ ಕಥೆ ಇಷ್ಟವಾಗುವುದು ಹುಡುಗಿಯ ಏಕಾಗ್ರತೆಗಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತು ಎಣಿಸಿದವರ ತಾಳ್ಮೆಗೆ. ಐದನೇ ಸಲಕ್ಕೇ "ಸಾಕು, ಬೇರೆ ಏನಾದರೂ ಮಾಡು" ಅಂದಿದ್ದರೆ ಅವಳಿಗೆ ಏನು ಬೇಕಾಗಿತ್ತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

ಕೇಂಬ್ರಿಡ್ಜ್‌ನಲ್ಲಿ 1924ರಿಂದ 1927ರವರೆಗೆ ಪುಟ್ಟ ಮಕ್ಕಳ ಶಾಲೆಯೊಂದನ್ನು ನಡೆಸಿದ ಸೂಸನ್ ಐಸಾಕ್ಸ್ ಕೂಡ ಮಕ್ಕಳು ಆಡಿದ ಮಾತು, ಕೇಳಿದ ಪ್ರಶ್ನೆ, ಮಾಡಿದ ಜಗಳ ಎಲ್ಲವನ್ನೂ ಬರೆದಿಡಿಸುತ್ತಿದ್ದರು. ನಮ್ಮ ಕೈಗೆ ಕೊಟ್ಟಿರುವ ನೋಟ್‌ಬುಕ್ಕು ಅದೇ ದಾರಿಯದು.

ಇವತ್ತು ನಾನು ಬರೆದ ಪುಟ ಜಿಪ್ ಬಗ್ಗೆ. ಹೊರಗೆ ಆಡಲು ಹೋಗುವ ಮುಂಚೆ ಜಾಕೆಟ್ ಹಾಕಿಕೊಳ್ಳುವ ಹೊತ್ತು. ಒಬ್ಬ ಹುಡುಗ ನೆಲದ ಮೇಲೆ ಕೂತು ಎರಡೂ ಅಂಚುಗಳನ್ನು ಹತ್ತಿರ ತಂದ. ಜಿಪ್ಪಿನ ಕೆಳತುದಿಯ ಕಡ್ಡಿ ಆಚೆಯ ತೂತಿಗೆ ಹೋಗಬೇಕು ಅಂತ ಅವನಿಗೆ ಗೊತ್ತು. ಆದರೆ ಒಂದು ಕೈ ಹಿಡಿದದ್ದನ್ನು ಇನ್ನೊಂದು ಕೈ ಅಲ್ಲಾಡಿಸಿಬಿಡುತ್ತಿತ್ತು. ನಾಲಿಗೆ ತುದಿ ಹೊರಗೆ ಬಂತು. ಕಡ್ಡಿ ತೂತಿನ ಪಕ್ಕಕ್ಕೆ ಹೋಯಿತು. ಅವನು ಹಿಡಿಯನ್ನು ಎಳೆದ. ಬರಲಿಲ್ಲ. ಗಲ್ಲವನ್ನು ಎದೆಗೆ ಒತ್ತಿ ಜಾಕೆಟ್ಟನ್ನು ಅದರ ಕೆಳಗೆ ಸಿಕ್ಕಿಸಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದ. ಆಗ ತಲೆ ಎತ್ತಿ ನೋಡಿದ.

ಅವನು ತಲೆ ಎತ್ತುವವರೆಗೂ ಟೀಚರ್ ಹತ್ತಿರ ಹೋಗಲಿಲ್ಲ. ಎತ್ತಿದ ಮೇಲೆ ಹೋಗಿ ಮಂಡಿಯೂರಿ ಕೂತರು. ತೂತಿರುವ ಕಡೆಯ ಅಂಚನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟೇ. ಕಡ್ಡಿ ಸೇರಿಸಿದ್ದು ಅವನೇ. ಎದೆಯ ಹತ್ತಿರ ಬಟ್ಟೆ ಸಿಕ್ಕಿಕೊಂಡಾಗ ಅವರು "ಸ್ವಲ್ಪ ಕೆಳಗಿಳಿಸು" ಅಂದರು. ಅವನು ಇಳಿಸಿ ಮತ್ತೆ ಎಳೆದ. ಜಿಪ್ ಕುತ್ತಿಗೆವರೆಗೂ ಬಂತು. "ಮಿಸ್, ನಾನೇ ಹಾಕ್ಕೊಂಡೆ!" ಅಂತ ನನಗೆ ಹೇಳಿ ಓಡಿದ. ಅವನು ಹೇಳಿದ್ದು ನಿಜವೇ.

ಎಷ್ಟು ಸಹಾಯ, ಯಾವಾಗ ಸಹಾಯ ಅನ್ನುವುದರ ಮೇಲೆ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಅನ್ನುವ ಮೂವರು ಸಂಶೋಧಕರು ಸೇರಿ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೂರು, ನಾಲ್ಕು, ಐದು ವರ್ಷದ 30 ಮಕ್ಕಳಿಗೆ, ಒಂದಕ್ಕೊಂದು ಸಿಕ್ಕಿಕೊಳ್ಳುವ 21 ಮರದ ತುಂಡುಗಳಿಂದ ಪಿರಮಿಡ್ ಕಟ್ಟುವ ಕೆಲಸ ಕೊಟ್ಟರು. ಕಲಿಸುವವರು ಒಬ್ಬರೇ, ಆದರೆ ವಯಸ್ಸಿಗೆ ತಕ್ಕ ಹಾಗೆ ಅವರ ಪಾತ್ರ ಬದಲಾಗುತ್ತಿತ್ತು. ಮೂರು ವರ್ಷದವರಿಗೆ ಮಾತು ಹೆಚ್ಚು ನಾಟುತ್ತಿರಲಿಲ್ಲ. ಅವರನ್ನು ಕೆಲಸದ ಕಡೆ ಸೆಳೆಯುವುದು, ಮಾಡಿ ತೋರಿಸುವುದೇ ಮುಖ್ಯವಾಗಿತ್ತು. ನಾಲ್ಕು ವರ್ಷದವರಿಗೆ ಬಾಯಿಮಾತಿನ ಸೂಚನೆ ಉಪಯೋಗಕ್ಕೆ ಬರುತ್ತಿತ್ತು. ಐದು ವರ್ಷದವರು ಬಹುಪಾಲು ತಾವೇ ಕಟ್ಟಿ, ಸರಿ ಇದೆಯಾ ಅಂತ ಕೇಳುತ್ತಿದ್ದರು. ಇದನ್ನು ಓದಿದ ಮೇಲೆ ಜಿಪ್ ನೋಡಿದ್ದರಿಂದ ಟೀಚರ್‌ನ ಆ ಎರಡು ಬೆರಳಿನ ಬೆಲೆ ನನಗೆ ಚೆನ್ನಾಗಿ ತಿಳಿಯಿತು. ಆ ಹುಡುಗನಿಗೆ ಒಂದು ಕೈ ಕಡಿಮೆ ಬಿದ್ದಿತ್ತು, ಅವರು ಕೊಟ್ಟದ್ದು ಅದನ್ನು ಮಾತ್ರ.

ಇದಕ್ಕೆಲ್ಲ ಸಮಯ ಬೇಕು. ಎಲ್ಲರ ಜಿಪ್ಪನ್ನೂ ದೊಡ್ಡವರೇ ಎಳೆದರೆ ಎರಡು ನಿಮಿಷದ ಕೆಲಸ. ಮಕ್ಕಳೇ ಹಾಕಿಕೊಳ್ಳಲಿ ಅಂದರೆ ಹದಿನೈದು ನಿಮಿಷ. ನಮ್ಮ ದಿನದ ಯೋಜನೆಯಲ್ಲಿ ಆ ಹದಿನೈದು ನಿಮಿಷಕ್ಕೂ ಜಾಗ ಇದೆ. ಜಾಕೆಟ್ ಹಾಕುವುದು ಆಟಕ್ಕೆ ಅಡ್ಡಿ ಅಲ್ಲ, ಅದೂ ಪಾಠವೇ ಅಂತ ಯೋಜನೆ ಬರೆದವರು ಒಪ್ಪಿಕೊಂಡಿದ್ದಾರೆ. ಬೆರಳಿನ ಹಿಡಿತ, ಎರಡು ಕೈಗಳ ಹೊಂದಾಣಿಕೆ, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಬಲ ಎಲ್ಲ ಇಲ್ಲಿಯೇ ಬರುತ್ತದೆ.

ಇನ್ನೊಂದು ಮಗುವಿನ ಬಗ್ಗೆ ಬರೆಯಲೇಬೇಕು. ನೀರಾಟದ ತೊಟ್ಟಿಯ ಹತ್ತಿರ ದಿನಾ ನಿಲ್ಲುವ ಹುಡುಗಿ. ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿರುತ್ತಾಳೆ. ಉಳಿದವರು ಲೋಟದಿಂದ ಲೋಟಕ್ಕೆ ಸುರಿಯುತ್ತಾರೆ, ಚೆಲ್ಲುತ್ತಾರೆ, ಕೂಗುತ್ತಾರೆ. ಇವಳು ಕೈ ಹಾಕುವುದಿಲ್ಲ. ನೋಡಿದವರಿಗೆ "ಪಾಪ, ಇವಳನ್ನು ಯಾರೂ ಸೇರಿಸಿಕೊಳ್ಳುತ್ತಿಲ್ಲ" ಅನಿಸುವುದು ಸಹಜ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗೋಣ ಅಂತಲೂ ಅನಿಸುತ್ತದೆ. ಟೀಚರ್ ಹೇಳಿದರು, "ಅವಳ ಮುಖ ನೋಡಬೇಡಮ್ಮ, ಕಣ್ಣು ಎಲ್ಲಿ ಹೋಗುತ್ತೆ ಅಂತ ನೋಡು." ನೋಡಿದೆ. ಕಣ್ಣು ಮಕ್ಕಳ ಮೇಲೆ ಇರಲಿಲ್ಲ. ಲೋಟದ ಬಾಯಿಂದ ಬೀಳುವ ನೀರಿನ ಮೇಲಿತ್ತು. ಆಮೇಲೆ ಕೈ ತೊಳೆಯಲು ಕಳಿಸಿದಾಗ ನಲ್ಲಿಯ ಕೆಳಗೆ ಸೋಪಿನ ಡಬ್ಬಿಯ ಮುಚ್ಚಳ ಹಿಡಿದು ತುಂಬಿಸಿದಳು. ನಿಧಾನವಾಗಿ ಓರೆ ಮಾಡಿ ಸುರಿದಳು. ಬೇಗ ಓರೆ ಮಾಡಿದರೆ ಏನಾಗುತ್ತೆ ಅಂತ ನೋಡಿದಳು. ಮತ್ತೆ ನಿಧಾನವಾಗಿ ಸುರಿದಳು. ತೊಟ್ಟಿಯ ಹತ್ತಿರ ನಿಂತು ಅವಳು ಕಲಿತದ್ದೆಲ್ಲ ಅಲ್ಲಿ ಬಂತು.

ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲಿ ಪುಟ್ಟ ಮಕ್ಕಳ ಆಟವನ್ನು ಆರು ಬಗೆಯಾಗಿ ಗುರುತಿಸಿದ್ದರು. ಏನೂ ಮಾಡದೆ ಇರುವುದು, ನಿಂತು ನೋಡುವುದು, ಒಬ್ಬರೇ ಆಡುವುದು, ಪಕ್ಕಪಕ್ಕದಲ್ಲಿ ಬೇರೆ ಬೇರೆ ಆಡುವುದು, ಸೇರಿಕೊಂಡು ಆಡುವುದು, ಒಟ್ಟಾಗಿ ಯೋಜನೆ ಹಾಕಿ ಆಡುವುದು. ನಿಂತು ನೋಡುವುದಕ್ಕೂ ಆ ಪಟ್ಟಿಯಲ್ಲಿ ಜಾಗ ಇದೆ ಅನ್ನುವುದು ನನಗೆ ತುಂಬಾ ಸಮಾಧಾನ ಕೊಟ್ಟಿತು. ಇವು ಮೆಟ್ಟಿಲುಗಳು ಅಂತ ತಿಳಿದು ಎಲ್ಲರನ್ನೂ ಬೇಗ ಮೇಲಕ್ಕೆ ಹತ್ತಿಸಲು ಹೋಗಬಾರದು. ಐದು ವರ್ಷದ ಮಗುವೂ ಒಬ್ಬನೇ ಆಡಲು ಬಯಸುವ ದಿನ ಇರುತ್ತದೆ.

ಮಾತಿನ ವಿಷಯದಲ್ಲೂ ಇದೇ. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಮೇರಿ ಬಡ್ ರೋವ್ ಶಾಲೆಯ ವಿಜ್ಞಾನ ಪಾಠಗಳನ್ನು ರೆಕಾರ್ಡ್ ಮಾಡಿ ನೋಡಿದಾಗ, ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಗೊತ್ತಾಯಿತು. ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು. ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಅವರು ನೋಡಿದ್ದು ನಮ್ಮ ಮಕ್ಕಳಿಗಿಂತ ದೊಡ್ಡವರನ್ನು. ಮೂರು ವರ್ಷದ ಮಗುವಿಗೆ ಪದ ಹುಡುಕಲು ಇನ್ನೂ ಜಾಸ್ತಿ ಹೊತ್ತು ಬೇಕು ಅಂತ ನಾವು ದಿನಾ ಕಾಣುತ್ತೇವೆ. ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಮೂರಕ್ಕೆ ಬರುವಷ್ಟರಲ್ಲಿ ಬಾಯಿ ತೆರೆಯುತ್ತದೆ, ನಾಲ್ಕಕ್ಕೆ ಮಾತು ಬರುತ್ತದೆ.

ಇದರರ್ಥ ಎಲ್ಲದಕ್ಕೂ ಕಾಯಬೇಕು ಅಂತಲ್ಲ. ಹೊಡೆಯಲು ಎತ್ತಿದ ಕೈ, ಕಚ್ಚಲು ತೆರೆದ ಬಾಯಿ, ಬಾಯಿಗೆ ಹೋಗುತ್ತಿರುವ ಮಣಿ, ತೆರೆದ ಗೇಟು, ಇವಕ್ಕೆ ಒಂದು ಕ್ಷಣವೂ ಕೊಡಬಾರದು. ಅದಕ್ಕೇ ನಿಲ್ಲುವ ಜಾಗವನ್ನೂ ಕಲಿಸುತ್ತಾರೆ. ಬೆನ್ನು ಗೋಡೆಯ ಕಡೆ, ಮುಖ ಕೋಣೆಯ ಕಡೆ. ಒಂದು ಮಗುವಿನ ಜೊತೆ ಬಗ್ಗಿ ಮಾತಾಡುವಾಗಲೂ ಉಳಿದವರು ಕಣ್ಣಿಗೆ ಬೀಳುವ ಹಾಗೆ ಕೂರಬೇಕು. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಹೋಗುವಾಗಲೆಲ್ಲ ತಲೆ ಎಣಿಸಬೇಕು. ಎಣಿಕೆ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕೇಳಿ ಸರಿ ಅನ್ನಬೇಕು. ಚಡ್ಡಿ ಒದ್ದೆಯಾದರೆ "ಒದ್ದೆಯಾಯ್ತು, ಬಾ ಬದಲಿಸೋಣ" ಅನ್ನುವ ಮಾತಿಗಿಂತ ಹೆಚ್ಚು ಬೇಡ. ಮುಖದಲ್ಲೂ ಹೆಚ್ಚೇನೂ ಕಾಣಿಸಬಾರದು.

ಬೆಳಗ್ಗೆ ಬಿಟ್ಟು ಹೋಗುವಾಗ ಅಳುವ ಮಕ್ಕಳ ವಿಷಯ ಇನ್ನೊಂದು ದಿನ ಬರೆಯುತ್ತೇನೆ. ಅದು ಬೇರೆಯೇ ಪಾಠ. ಕಣ್ಣು ತಪ್ಪಿಸಿ ಹೋಗಬೇಡಿ, ಹೇಳಿ ಹೋಗಿ, ಹೇಳಿದ ಮೇಲೆ ನಿಲ್ಲಬೇಡಿ ಅಂತ ತಂದೆ ತಾಯಿಗೆ ತಿಳಿಸುವುದೂ ನಮ್ಮ ಕೆಲಸವೇ ಅನ್ನುವುದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ.

ನನಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅನಿಸುತ್ತಿದೆ. ಕೆಲಸದಲ್ಲಿದ್ದೇ ಕಲಿಯುವುದು ಅಂದರೆ, ಸಿಬ್ಬಂದಿ ಕಡಿಮೆ ಇರುವ ಕೋಣೆಗೆ ಕಲಿಯುವವರನ್ನು ನಿಲ್ಲಿಸುವುದಲ್ಲ. ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಮಕ್ಕಳನ್ನು ನೋಡಿಕೊಳ್ಳಲು ಏನು ಕಲಿಯಬೇಕು, ನಾಲ್ಕು ದಿನ ಇದ್ದರೆ ಬರುತ್ತೆ ಅನ್ನುತ್ತಾರೆ. ಬರುವುದಿಲ್ಲ. ನಾಲ್ಕು ದಿನದಲ್ಲಿ ಬರುವುದು ಗಲಾಟೆ ಅಡಗಿಸುವ ಉಪಾಯ ಮಾತ್ರ. ಟಿಪ್ಪಣಿ ಬರೆಯಲು ಹತ್ತು ನಿಮಿಷ ಬಿಡುವು ಬೇಕು. ಬರೆದದ್ದನ್ನು ಒಬ್ಬರು ಕೂತು ಓದಬೇಕು. "ಇಲ್ಲಿ ಕೈ ಏನು ಮಾಡುತ್ತಿತ್ತು? ಬರೆದಿಲ್ಲವಲ್ಲ" ಅಂತ ಕೇಳಬೇಕು. ಈ ಕೇಳುವವರು ಇದ್ದಾರೆ ಅನ್ನುವುದಕ್ಕೇ ನಾನು ಈ ಜಾಗವನ್ನು ಆರಿಸಿಕೊಂಡೆ. ಓದಿ ಕೇಳಲು ಅವರು ಕೊಡುವ ಅರ್ಧ ಗಂಟೆಯೂ ಕೆಲಸದ ಹೊತ್ತಿನಲ್ಲೇ ಲೆಕ್ಕವಾಗಬೇಕು. ಮನೆಗೆ ಹೊರಡುವ ಆತುರದಲ್ಲಿ, ಬಾಗಿಲ ಬಳಿ ನಿಂತು ಮುಗಿಸುವ ಮಾತಲ್ಲ ಅದು.

ಸೋಮವಾರದ ಯೋಜನೆಗೆ ನಾನೂ ಒಂದು ಸಾಲು ಸೇರಿಸಬಹುದು ಅಂತ ಇವತ್ತು ಹೇಳಿದರು. ದೊಡ್ಡ ತೊಟ್ಟಿಯಿಂದ ಸ್ವಲ್ಪ ದೂರ, ಕಿಟಕಿಯ ಕೆಳಗೆ, ಒಂದು ಅಗಲವಾದ ಬೋಗುಣಿ ಇಡೋಣ ಅಂದೆ. ಅದರಲ್ಲಿ ಎರಡು ಸಣ್ಣ ಜಗ್ಗು, ಒಂದು ಆಲಿಕೆ. ಅಲ್ಲಿಂದ ತೊಟ್ಟಿಯೂ ಕಾಣಬೇಕು. ಟೀಚರ್ ಒಪ್ಪಿದರು. ಜಗ್ಗು ಎರಡು ಏಕೆ ಅಂತ ಕೇಳಿದರು. ಪಕ್ಕದಲ್ಲಿ ಇನ್ನೊಬ್ಬರು ಬಂದು ನಿಂತರೆ ಇರಲಿ ಅಂತ, ಅಂದೆ. ಅದನ್ನೂ ಯೋಜನೆಯಲ್ಲಿ ಬರೆ ಅಂದರು. ಬರೆದಿದ್ದೇನೆ.