ಮರೆವಿನ ಕಾಯಿಲೆ ಗಂಟಲಿಗೆ ಇಳಿದಾಗ

ಮರೆವಿನಿಂದ ಯಾರಾದರೂ ಸಾಯುತ್ತಾರೆಯೇ ಎಂದು ಮನೆಯವರು ಕೇಳುತ್ತಾರೆ. ಡಿಮೆನ್ಶಿಯಾ ಎಂಬ ಈ ಮರೆವಿನ ಕಾಯಿಲೆಯಲ್ಲಿ ಮಿದುಳಿನ ಹಾನಿ ನೆನಪಿಗಷ್ಟೇ ನಿಲ್ಲುವುದಿಲ್ಲ. ನಡಿಗೆ, ಮಾತು, ಕೊನೆಗೆ ನುಂಗುವ ಶಕ್ತಿಯನ್ನೂ ಕಸಿಯುತ್ತದೆ.

ತುತ್ತು ಬಾಯಲ್ಲೇ ಉಳಿಯುತ್ತದೆ. ನೀರು ಕುಡಿದ ಮೇಲೆ ಕೆಮ್ಮು, ಗೊರಗೊರ ದನಿ. ಕೆಲವರಿಗೆ ಕೆಮ್ಮೂ ಬರದೆ ಎಂಜಲು, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಾಸ್ಟನ್ ಸುತ್ತಲಿನ ನರ್ಸಿಂಗ್ ಹೋಮ್‌ಗಳಲ್ಲಿ ಕೊನೆಯ ಹಂತದಲ್ಲಿದ್ದ 323 ಜನರನ್ನು 18 ತಿಂಗಳು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು 86% ಜನರಿಗೆ ಊಟದ ತೊಂದರೆ ಇತ್ತು, 41% ಜನರಿಗೆ ನ್ಯುಮೋನಿಯಾ ಬಂತು, ಅರ್ಧಕ್ಕಿಂತ ಹೆಚ್ಚು ಜನ ತೀರಿಕೊಂಡರು.

ಉಣಿಸುವಾಗ ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ. ಅರ್ಧ ಚಮಚ ಕೊಟ್ಟು, ನುಂಗಿದ್ದನ್ನು ನೋಡಿ, ಆಮೇಲೆ ಮುಂದಿನದು. ನೀರು ಇಳಿಯದವರಿಗೂ ಗಟ್ಟಿ ಗಂಜಿ ಕೆಲವೊಮ್ಮೆ ಇಳಿಯುತ್ತದೆ. ಊಟದ ನಂತರ 30 ನಿಮಿಷ ಮಲಗಿಸಬೇಡಿ. ಬಾಯಿಯನ್ನು ದಿನಕ್ಕೆರಡು ಬಾರಿಯಾದರೂ ಒರೆಸಿ. ಅಲ್ಲಿನ ಕೊಳೆಯೇ ಎದೆಗೆ ಇಳಿಯುವುದು. ಅರೆನಿದ್ದೆಯಲ್ಲಿರುವವರಿಗೆ ಒತ್ತಾಯದಿಂದ ತಿನ್ನಿಸಲೇಬೇಡಿ.

ಮೂಗಿನ ಮೂಲಕ ಆಹಾರ ಕೊಡುವ ನಳಿಕೆ ಹಾಕಿಸಿದರೆ ಬದುಕುತ್ತಾರೆಂಬ ಆಸೆ ಸಹಜ. ಆದರೆ ಈ ಹಂತದಲ್ಲಿ ಅದು ಆಯುಷ್ಯ ಹೆಚ್ಚಿಸಿದ್ದಕ್ಕೆ ಆಧಾರವಿಲ್ಲ, ಎಂಜಲು ಇಳಿಯುವುದನ್ನೂ ತಡೆಯುವುದಿಲ್ಲ. ಕಿತ್ತುಕೊಳ್ಳದಿರಲೆಂದು ಕೈ ಕಟ್ಟುವ ಸ್ಥಿತಿ ಬರುತ್ತದೆ, ಅದು ದೊಡ್ಡ ಹಿಂಸೆ.

ಹಾಸಿಗೆ ಹುಣ್ಣು, ಮೂತ್ರದ ಸೋಂಕು ಕೂಡ ರಕ್ತಕ್ಕೆ ಹರಡಿ ಕೊಲ್ಲಬಲ್ಲವು.

ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಅಡಗುತ್ತದೆ. ಉಪವಾಸ ಕೆಡವುತ್ತಿದ್ದೇವೆ ಎಂದು ಕೊರಗಬೇಡಿ. ಉಸಿರು ನಡುನಡುವೆ ನಿಲ್ಲುತ್ತದೆ, ಕೈಕಾಲು ತಣ್ಣಗಾಗುತ್ತವೆ. ಗಂಟಲು ಗೊರಗುಟ್ಟಿದರೆ ಮಗ್ಗುಲಾಗಿಸಿ, ಒದ್ದೆ ಹತ್ತಿಯಿಂದ ತುಟಿ ತೇವ ಮಾಡಿ, ಕೈ ಹಿಡಿದು ಮಾತಾಡಿಸುತ್ತಿರಿ.